ಕಣಗಿಲೆಯೂ ಗೊಬ್ಬರವಾದೀತು

ಶಿವಪೂಜೆಗೆ ಸಲ್ಲುವ ಕಣಗಿಲೆಯನ್ನು ಮನೆಯ ಗೊಬ್ಬರದ ಗುಂಡಿಗೆ ಹಾಕಲು ಬೆಂಗಳೂರಿನ ನಮ್ಮ ಬಡಾವಣೆಯ ಅನೇಕರು ಹಿಂಜರಿಯುತ್ತಾರೆ. ಗಿಡದ ವಿಷ ಗೊಬ್ಬರಕ್ಕಿಳಿದು, ಅಲ್ಲಿಂದ ಟೊಮೆಟೊಗೆ ಏರೀತೆಂಬುದು ಅವರ ಶಂಕೆ. ಶಂಕೆ ನಿರಾಧಾರವೇನಲ್ಲ, ಬೇರಿನಿಂದ ಹೂವಿನವರೆಗೆ ಆ ಗಿಡದ ಸರ್ವಾಂಗವೂ ವಿಷಯುಕ್ತ. ಅದರಲ್ಲಿರುವ ಓಲಿಯಾಂಡ್ರಿನ್ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು.

ಆದರೆ ಓಲಿಯಾಂಡ್ರಿನ್ ಸೀಸ, ಪಾದರಸಗಳಂತೆ ಮಣ್ಣಿನಲ್ಲಿ ಉಳಿದುಬಿಡುವ ಲೋಹವಲ್ಲ, ಸಾವಯವ ಸಂಯುಕ್ತ. ತೇವ, ಗಾಳಿ, ಕಾವು ಸಾಕಷ್ಟಿದ್ದರೆ ಸೂಕ್ಷ್ಮಜೀವಿಗಳು ಎಲೆಯೊಡನೆ ಅದನ್ನೂ ಒಡೆಯುತ್ತವೆ. ಕೈಗವಸು ತೊಟ್ಟು ಕೊಂಬೆಗಳನ್ನು ಸಣ್ಣಗೆ ಕತ್ತರಿಸಿ, ಅಡುಗೆಮನೆಯ ಹಸಿಕಸದೊಡನೆ ಬೆರೆಸಿ, ಆಗಾಗ ಮಗುಚುತ್ತ, ಎಲೆಯ ಗುರುತೇ ಸಿಗದಷ್ಟು ಕೊಳೆಯಲು ಬಿಡಬೇಕು. ಇದಕ್ಕೆ ತಿಂಗಳುಗಳೇ ಬೇಕು. ಆಮೇಲೂ ಸಂಶಯ ಉಳಿದವರು ಆ ಗೊಬ್ಬರವನ್ನು ಹೂಗಿಡಗಳಿಗೆ ಹಾಕಲಿ.

ನಿಜವಾದ ಅಪಾಯವಿರುವುದು ಬೇರೆಡೆ. ಗುಂಡಿಗೆ ಹೆದರಿದವರು ಸೊಪ್ಪನ್ನು ರಸ್ತೆಬದಿಗೆ ಎಸೆಯುತ್ತಾರೆ. ಒಣಗಿದರೂ ಎಲೆಯ ವಿಷ ಹೋಗುವುದಿಲ್ಲ. ಹಸಿ ಎಲೆಯ ಕಹಿಗೆ ಮುಖ ತಿರುಗಿಸುವ ದನ, ಹುಲ್ಲಿನೊಡನೆ ಬೆರೆತ ಒಣ ಎಲೆಯನ್ನು ತಿಳಿಯದೆ ಮೇಯುತ್ತದೆ. ಒಂದು ಹಿಡಿ ಎಲೆ ಅದರ ಪ್ರಾಣಕ್ಕೆ ಎರವಾಗಬಲ್ಲದು. ತನ್ನ ಅಂಗಳದ ಅಪಾಯವನ್ನು ಪರರ ಹಟ್ಟಿಗೆ ವರ್ಗಾಯಿಸುವ ಈ ಲೆಕ್ಕಾಚಾರವನ್ನು ಅರ್ಥಶಾಸ್ತ್ರ ಚೆನ್ನಾಗಿ ಬಲ್ಲದು. ಇನ್ನು ಕೆಲವರು ಬೆಂಕಿಯಿಡುತ್ತಾರೆ. ಅದರ ಹೊಗೆಯೂ ವಿಷವೇ. ಬೀದಿಯಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ನಿಷೇಧಿಸಿದವು. ನನ್ನ ಮುಂಜಾನೆಯ ವಾಯುವಿಹಾರದ ದಾರಿಯಲ್ಲಿ ಆ ನಿಷೇಧ ಇಂದಿಗೂ ಹೊಗೆಯಾಡುತ್ತಿದೆ.

ರಸ್ತೆ ವಿಭಜಕಗಳಲ್ಲಿ ಕಣಗಿಲೆ ನೆಡಿಸುವವರು, ಸವರಿದ ಸೊಪ್ಪಿಗಾಗಿ ಸಮೀಪದ ಉದ್ಯಾನದಲ್ಲಿ ಗೊಬ್ಬರದ ಗುಂಡಿಯೊಂದನ್ನೂ ತೋಡಿಸಬೇಕು. ದನ ನುಗ್ಗದಂತೆ ಅದಕ್ಕೆ ಬೇಲಿಯಿರಬೇಕು.