ಗಿಡ ಮಲಗಿದೆಯೋ, ಬೆದರಿದೆಯೋ, ಬಾಡಿದೆಯೋ?



ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಬಾರದು, ಅದು ಮಲಗಿರುತ್ತೆ ಅಂತ ಮನೆಯಲ್ಲಿ ಹಿರಿಯರು ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ. ಕೆಲವು ಗಿಡಗಳ ಮಟ್ಟಿಗೆ ಇದು ಕಣ್ಣಾರೆ ಕಾಣುವ ಮಾತು. ಹುಣಸೆ, ತಗಚೆ, ಮಳೆಮರ, ಕಡಲೆಕಾಯಿ ಗಿಡ ಇವುಗಳ ಚಿಕ್ಕ ಎಲೆಗಳು ಸಂಜೆ ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಹುರುಳಿಕಾಯಿ ಗಿಡದ ಎಲೆಗಳು ಕೆಳಕ್ಕೆ ಇಳಿಬೀಳುತ್ತವೆ. ಬೆಳಗಾದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಇದಕ್ಕೆ ಸಸ್ಯಗಳ ನಿದ್ರಾ ಚಲನೆ ಎಂದು ಹೆಸರು. ನಮ್ಮ ಹಾಗೆ ಕಣ್ಣು ಮುಚ್ಚಿ ಮಲಗುವ ನಿದ್ದೆ ಅಲ್ಲ, ಹೆಸರು ಮಾತ್ರ ಹಾಗೆ.

ಇಲ್ಲೊಂದು ತೊಡಕಿದೆ. ಮುಟ್ಟಿದರೆ ಮುನಿ ಗಿಡವನ್ನು ಬೆರಳಿನಿಂದ ತಾಗಿಸಿದರೂ ಎಲೆ ಮಡಚುತ್ತೆ. ನೀರಿಲ್ಲದೆ ಬಾಡಿದರೂ ಎಲೆ ಜೋತು ಬೀಳುತ್ತೆ. ದೂರದಿಂದ ನೋಡಿದವರಿಗೆ ಮೂರೂ ಒಂದೇ ಥರ. ಹೋದ ವರ್ಷ ನಮ್ಮ ಶಾಲೆ ತೋಟದ ಹುರುಳಿಕಾಯಿ ಪಾತಿಗೆ ಏನಾಯಿತು, ನೆನಪಿದೆಯಲ್ಲ? ಸಂಜೆ ಸರದಿಯವರು "ಅಯ್ಯೋ, ಎಲೆ ಜೋತಿದೆ, ನೀರು ಸಾಲದು" ಅಂತ ದಿನಾ ಬಿಂದಿಗೆಗಟ್ಟಲೆ ಸುರಿದರು. ಬೇರು ಕೊಳೆತು ಪಾತಿಯೇ ಹೋಯಿತು. ಗಿಡಕ್ಕೆ ಬಾಯಾರಿರಲಿಲ್ಲ, ನಿದ್ದೆಯ ಹೊತ್ತಾಗಿತ್ತು ಅಷ್ಟೆ. ಬೋರ್‌ವೆಲ್ ನೀರನ್ನು ಲೆಕ್ಕ ಹಾಕಿ ಬಿಡುವ ಮನೆಗಳಿಂದ ಬಂದ ನಮಗೆ ಈ ವ್ಯತ್ಯಾಸ ತಿಳಿದಿರಬೇಕು. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಡ, ಕಂಪಾಸ್ ಬಾಕ್ಸಿನ ಕೋನಮಾಪಕ ಸಾಕು.

ಎಲೆಯ ಕೀಲು ಎಲ್ಲಿದೆ?

ಹುರುಳಿಕಾಯಿ ಎಲೆಯ ತೊಟ್ಟನ್ನು ಹತ್ತಿರ ಹಿಡಿದು ನೋಡಿ. ತೊಟ್ಟು ಕಾಂಡಕ್ಕೆ ಸೇರುವ ಕಡೆ ಸ್ವಲ್ಪ ಊದಿಕೊಂಡಿದೆ. ಎಲೆ ತೊಟ್ಟಿಗೆ ಸೇರುವ ಕಡೆಯೂ ಹಾಗೇ ಇದೆ. ಈ ಉಬ್ಬಿಗೆ ವಿಜ್ಞಾನದಲ್ಲಿ ಪಲ್ವಿನಸ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ದಿಂಬು ಎಂದರ್ಥ. ನಾನು ಕೀಲು ಅಂತಲೇ ಕರೀತೀನಿ, ಯಾಕೆಂದರೆ ಬಾಗಿಲಿಗೆ ಕೀಲು ಮಾಡುವ ಕೆಲಸವನ್ನೇ ಎಲೆಗೆ ಇದು ಮಾಡುತ್ತದೆ.

ಕೀಲಿನ ನಡುವೆ ಗಟ್ಟಿ ನಾರು ಇರುತ್ತದೆ. ಅದರ ಸುತ್ತ ನೀರು ತುಂಬಿದ ಜೀವಕೋಶಗಳು. ಎರಡು ಸೈಕಲ್ ಟ್ಯೂಬಿನ ತುಂಡುಗಳನ್ನು ಒಂದರ ಮೇಲೊಂದು ಕಟ್ಟಿದ್ದೀರಿ ಅಂದುಕೊಳ್ಳಿ. ಮೇಲಿನದಕ್ಕೆ ಗಾಳಿ ತುಂಬಿ ಕೆಳಗಿನದನ್ನು ಸಡಿಲ ಬಿಟ್ಟರೆ ಜೋಡಿ ಕೆಳಕ್ಕೆ ಬಾಗುತ್ತದೆ. ಕೀಲಿನಲ್ಲಿ ಗಾಳಿಯ ಬದಲು ನೀರು. ನೀರನ್ನು ಅತ್ತಿತ್ತ ಎಳೆಯುವುದು ಮುಖ್ಯವಾಗಿ ಪೊಟ್ಯಾಸಿಯಂ. ನಮ್ಮ ಅಪ್ಪಂದಿರು ಪೊಟ್ಯಾಷ್ ಗೊಬ್ಬರ ಅಂತ ತರ್ತಾರಲ್ಲ, ಅದರಲ್ಲಿ ಇರುವುದೂ ಇದೇ. ಪೊಟ್ಯಾಸಿಯಂ ಹೋದ ಕಡೆ ನೀರೂ ಹಿಂದೆಯೇ ಹೋಗುತ್ತದೆ. 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ರೂತ್ ಸ್ಯಾಟರ್ ಮತ್ತು ಸಂಗಡಿಗರು ನಮ್ಮ ರಸ್ತೆ ಬದಿಯಲ್ಲೂ ಇರುವ ಮಳೆಮರದ ಕೀಲುಗಳಲ್ಲಿ ಇದನ್ನು ಅಳೆದು ತೋರಿಸಿದರು.

ಕೋನ ಅಳೆಯುವ ಬಗೆ

ದಾರಕ್ಕೆ ಒಂದು ಸಣ್ಣ ಕಲ್ಲು ಕಟ್ಟಿ, ಕೀಲಿನ ಪಕ್ಕದಲ್ಲಿ ನೇರ ಕೆಳಕ್ಕೆ ತೂಗಬಿಡಿ. ಕೋನಮಾಪಕದ ನಡುಬಿಂದು ಕೀಲಿನ ಎದುರು ಬರಲಿ, ಸೊನ್ನೆಯ ಗೆರೆ ದಾರದ ಮೇಲೆ ಕೂರಲಿ. ಎಲೆಯ ನಡುನರ ಎಷ್ಟು ಡಿಗ್ರಿಯಲ್ಲಿದೆ ಬರೆದುಕೊಳ್ಳಿ. ಎಲೆ ನೆಲಕ್ಕೆ ಸಮನಾಗಿ ಚಾಚಿದ್ದರೆ 90, ಪೂರ್ತಿ ಇಳಿಬಿದ್ದರೆ 0. ಎಲೆಯನ್ನು ಮುಟ್ಟಬೇಡಿ. ಒಂದೇ ಎಲೆಗೆ ಬಣ್ಣದ ದಾರ ಕಟ್ಟಿ ಗುರುತಿಟ್ಟು ಪ್ರತಿಸಲ ಅದನ್ನೇ ಅಳೆಯಿರಿ.

ನಾನು ಕುಂಡದಲ್ಲಿ ಬೆಳೆಸಿದ ಹುರುಳಿಕಾಯಿ ಎಲೆ ಬೆಳಿಗ್ಗೆ 10 ಗಂಟೆಗೆ ಸುಮಾರು 85 ಡಿಗ್ರಿ ಇತ್ತು. ಸಂಜೆ 6ಕ್ಕೆ 50ರ ಹತ್ತಿರ, ರಾತ್ರಿ 8ಕ್ಕೆ 20ರ ಹತ್ತಿರ ಬಂತು. ಕುಂಡದ ಮಣ್ಣು ಅಷ್ಟೊತ್ತೂ ಹಸಿಯಾಗಿಯೇ ಇತ್ತು.

ಗಿಡದ ಚಲನೆಯನ್ನು ಅಳೆಯುವ ಕೆಲಸದಲ್ಲಿ ನಮ್ಮ ದೇಶದವರೇ ಆದ ಜಗದೀಶ ಚಂದ್ರ ಬೋಸರು ಜಗತ್ತಿಗೇ ಹೆಸರಾಗಿದ್ದರು. ಮುಟ್ಟಿದರೆ ಮುನಿಯ ಎಲೆ ತನ್ನ ಅಲುಗಾಟವನ್ನು ಮಸಿ ಹಿಡಿಸಿದ ಗಾಜಿನ ಮೇಲೆ ತಾನೇ ಬರೆಯುವಂಥ ಯಂತ್ರ ಮಾಡಿದ್ದರು. ನಮಗೆ ದಾರ ಮತ್ತು ಕಲ್ಲೇ ಯಂತ್ರ.

ಮುನಿದದ್ದೂ ಮಲಗಿದ್ದೂ ಒಂದೇನಾ?

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಮುಟ್ಟಿದರೆ ಮುನಿ ಹಗಲು ಮುಟ್ಟಿದಾಗಲೂ ಮಡಚುತ್ತೆ, ರಾತ್ರಿ ತಾನಾಗಿಯೂ ಮಡಚುತ್ತೆ. ಎರಡರ ಒಳಗಿನ ಕೆಲಸವೂ ಒಂದೇ ಅಂತ ಯಾರಿಗಾದರೂ ಅನ್ನಿಸುತ್ತೆ. ಜರ್ಮನಿಯ ಎರ್ನ್ಸ್ಟ್ ಬ್ರೂಕ ಎಂಬ ವಿಜ್ಞಾನಿ 1848ರಲ್ಲಿ ಇದನ್ನು ಬಹಳ ಸುಲಭವಾಗಿ ಪರೀಕ್ಷಿಸಿದ. ಕುಂಡ ನೆಟ್ಟಗಿದ್ದಾಗ ತೊಟ್ಟಿನ ಕೋನ ಅಳೆದ. ಆಮೇಲೆ ಕುಂಡವನ್ನು ತಲೆಕೆಳಗು ಮಾಡಿ ಮತ್ತೆ ಅಳೆದ. ಕೀಲು ಬಿಗಿಯಾಗಿದ್ದರೆ ಎಲೆಯ ಭಾರಕ್ಕೆ ಅದು ಹೆಚ್ಚು ಬಗ್ಗುವುದಿಲ್ಲ, ಎರಡು ಕೋನಗಳ ಅಂತರ ಕಡಿಮೆ. ಕೀಲು ಸಡಿಲವಾಗಿದ್ದರೆ ಎಲೆ ಆ ಕಡೆಗೂ ಈ ಕಡೆಗೂ ಜೋಲುತ್ತದೆ, ಅಂತರ ಹೆಚ್ಚು.

ಫಲಿತಾಂಶ ಏನು ಗೊತ್ತೆ? ಮುಟ್ಟಿದ ಮೇಲೆ ಕೀಲು ಸಡಿಲ. ಮಲಗಿದ ಕೀಲು ಬಿಗಿ!

ಕಾರಣ ಹೀಗೆ. ಮುಟ್ಟಿದಾಗ ತೊಟ್ಟಿನ ಕೀಲಿನ ಕೆಳಬದಿಯ ಕೋಶಗಳು ಒಮ್ಮೆಲೇ ನೀರು ಬಿಟ್ಟುಬಿಡುತ್ತವೆ. ಊರುಗೋಲು ತೆಗೆದ ಚಪ್ಪರದಂತೆ ತೊಟ್ಟು ಕುಸಿಯುತ್ತದೆ. ಮಲಗುವಾಗ ಹಾಗಲ್ಲ. ಒಂದು ಬದಿ ನಿಧಾನವಾಗಿ ಇಳಿದ ಹಾಗೆ ಎದುರು ಬದಿ ನೀರು ತುಂಬಿಕೊಂಡು ಒತ್ತುತ್ತದೆ. ಅಂದರೆ ಗಿಡ ಸೋತು ಎಲೆ ಬಿಡುವುದಲ್ಲ, ಕೆಲಸ ಮಾಡಿ ಎಲೆಯನ್ನು ಮಡಚಿಡುತ್ತದೆ. ಅಮ್ಮ ಸೀರೆ ಮಡಚಿಡುವುದಕ್ಕೂ ಸೀರೆ ಹಗ್ಗದಿಂದ ಜಾರಿ ಬೀಳುವುದಕ್ಕೂ ಇರುವ ವ್ಯತ್ಯಾಸ ಇದು.

ನೀವೂ ಮಾಡಬಹುದು. ಮಣ್ಣು ಬೀಳದ ಹಾಗೆ ಕುಂಡದ ಬಾಯಿಗೆ ಬಟ್ಟೆ ಕಟ್ಟಿ. ಅಲುಗಾಡಿಸದೆ ಬಹಳ ನಿಧಾನ ತಿರುಗಿಸಿ, ಇಲ್ಲದಿದ್ದರೆ ಮಲಗಿದ ಗಿಡವೂ ಬೆದರಿ ಕೀಲು ಸಡಿಲ ಬಿಡುತ್ತದೆ. ಒಂದೆರಡು ನಿಮಿಷದಲ್ಲೇ ಅಳೆದು ಮುಗಿಸಿ.

ಹಾಗಾದರೆ ಬಾಡಿದ ಎಲೆ? ಬಾಡಿದಾಗ ಎಲ್ಲ ಕಡೆಯೂ ನೀರು ಕಡಿಮೆ. ಕೀಲಿನ ಜೊತೆಗೆ ಎಲೆಯ ಹಾಳೆಯೂ ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ, ಚಿಗುರು ಬಾಗುತ್ತದೆ. ಮಲಗಿದ ಎಲೆಯ ಹಾಳೆ ಗಟ್ಟಿಯಾಗಿಯೇ ಇರುತ್ತದೆ, ಎಲ್ಲ ಎಲೆಗಳೂ ಕವಾಯತಿನಲ್ಲಿ ನಿಂತ ಹಾಗೆ ಒಂದೇ ರೀತಿ ಮಡಚಿರುತ್ತವೆ.

ಕತ್ತಲಾಯಿತು ಅಂತ ಮಲಗುವುದೇ?

ಅಷ್ಟೇ ಅಲ್ಲ. 1729ರಲ್ಲಿ ಫ್ರಾನ್ಸಿನ ಡಿ ಮೆರಾನ್ ಎಂಬಾತ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲಲ್ಲಿ ಇಟ್ಟ. ಬಿಸಿಲು ಕಾಣದಿದ್ದರೂ ಅದು ಹಗಲಿಗೆ ಬಿಚ್ಚಿ ರಾತ್ರಿಗೆ ಮಡಚಿತು. 1832ರಲ್ಲಿ ಸ್ವಿಟ್ಜರ್ಲೆಂಡಿನ ಡಿ ಕ್ಯಾಂಡೋಲ್, ಹಗಲು ರಾತ್ರಿಯ ಸುಳಿವು ಸಿಗದಂತೆ ಇಟ್ಟ ಗಿಡದ ಒಂದು ಸುತ್ತು 24 ಗಂಟೆ ಅಲ್ಲ, 22ರಿಂದ 23 ಗಂಟೆ ಎಂದು ಕಂಡ. ಅಂದರೆ ಗಡಿಯಾರ ಗಿಡದ ಒಳಗೇ ಇದೆ, ಸೂರ್ಯ ದಿನಾ ಅದರ ಮುಳ್ಳು ಸರಿಮಾಡುತ್ತಾನೆ. ಪ್ರಾಣಿಗಳಲ್ಲೂ ಇಂಥ ಗಡಿಯಾರ ಇದೆ. ಹಣ್ಣಿನ ನೊಣದಲ್ಲಿ ಅದು ನಡೆಯುವ ಬಗೆ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು.

ಮಡಚುವುದರಿಂದ ಗಿಡಕ್ಕೆ ಏನು ಲಾಭ? ಚಾರ್ಲ್ಸ್ ಡಾರ್ವಿನ್ ಕೆಲವು ಎಲೆಗಳು ಮಡಚದ ಹಾಗೆ ಪಿನ್ನು ಚುಚ್ಚಿ ರಾತ್ರಿ ಬಯಲಲ್ಲಿ ಇಟ್ಟು ನೋಡಿದ್ದ. ತೆರೆದ ಎಲೆಗಳಿಗೆ ಚಳಿಯ ಪೆಟ್ಟು ಹೆಚ್ಚು ಬಿತ್ತು ಎಂದು 1880ರ ತನ್ನ ಪುಸ್ತಕದಲ್ಲಿ ಬರೆದ. ಮುಟ್ಟಿದಾಗ ಮುನಿಯುವುದರ ಲಾಭ ಬೇರೆ. ಮಡಚಲಾಗದಂತೆ ಮಾಡಿದ ಗಿಡಗಳನ್ನು ಮಿಡತೆಗಳು ಹೆಚ್ಚು ತಿಂದವು ಎಂದು 2022ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು.

ಈ ವರ್ಷದ ಪಾತಿಗೆ

ಶಾಲೆ ತೋಟದಲ್ಲಿ ಮತ್ತೆ ಹುರುಳಿಕಾಯಿ ಮೊಳೆತಿದೆ. ಸಂಜೆ ಸರದಿಯವರಿಗೆ ನನ್ನ ವಿನಂತಿ ಇಷ್ಟೆ. ಎಲೆ ಜೋತಿದ್ದು ಕಂಡ ತಕ್ಷಣ ಬಿಂದಿಗೆ ಎತ್ತಬೇಡಿ. ಎಲೆಯ ಹಾಳೆ ಗಟ್ಟಿ ಇದೆಯಾ ನೋಡಿ. ಒಂದು ಬೆರಳುದ್ದ ಮಣ್ಣು ಕೆದಕಿ ಹಸಿ ಇದೆಯಾ ನೋಡಿ. ಎರಡೂ ಸರಿ ಇದ್ದರೆ ಗಿಡವನ್ನು ಅದರ ಪಾಡಿಗೆ ಬಿಟ್ಟು ಮನೆಗೆ ಹೋಗಿ. ಬೆಳಿಗ್ಗೆ ಬಂದಾಗಲೂ ಎಲೆ ಎದ್ದಿರದಿದ್ದರೆ ಆಗ ಚಿಂತೆ ಮಾಡೋಣ.

ಈ ಪುಟದ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ. ಗಿಡದ ಹೆಸರು, ಗಂಟೆ, ಡಿಗ್ರಿ ಅಂತ ಮೂರು ಕಲಮು ಗೀಚಿದೆ. ಹುಣಸೆ ಮರ ಮನೆ ಮುಂದೆ ಇರುವವರು ಹುಣಸೆ ಎಲೆ ಎಷ್ಟು ಗಂಟೆಗೆ ಮಡಚುತ್ತೆ ನೋಡಿ ಬರೆಯಿರಿ. ಕಡಲೆಕಾಯಿ ಹೊಲದವರು ಅದನ್ನು ಬರೆಯಿರಿ. ಮೋಡದ ದಿನ ಮತ್ತು ಬಿಸಿಲ ದಿನ ಎರಡನ್ನೂ ಬರೆದರೆ ಇನ್ನೂ ಒಳ್ಳೆಯದು.

– ಒಂಬತ್ತನೇ ತರಗತಿಯ ವಿದ್ಯಾರ್ಥಿನಿ