ಐದೇ ಜನರಿರುವ ಆಫೀಸಿನಲ್ಲಿ ಕಿರುಕುಳವಾದರೆ ದೂರು ಯಾರಿಗೆ?

ದೊಡ್ಡ ಐಟಿ ಕಂಪನಿಗಳಲ್ಲಿ ಹೊಸದಾಗಿ ಸೇರಿದವರಿಗೆ ‘ಪೋಶ್’ ತರಬೇತಿ ಕೊಡುತ್ತಾರೆ. ದೂರು ಕೊಡಲು ಯಾರನ್ನು ಸಂಪರ್ಕಿಸಬೇಕು ಎಂಬ ಪಟ್ಟಿಯನ್ನು ಗೋಡೆಯ ಮೇಲೆ ಹಾಕಿರುತ್ತಾರೆ. ಆದರೆ ಎಲ್ಲ ಹೆಣ್ಣುಮಕ್ಕಳೂ ಅಂಥ ಕಂಪನಿಗಳಲ್ಲಿ ದುಡಿಯುವುದಿಲ್ಲ. ಬಟ್ಟೆ ಅಂಗಡಿ, ಜೆರಾಕ್ಸ್ ಅಂಗಡಿ, ರಕ್ತ ಪರೀಕ್ಷೆಯ ಲ್ಯಾಬ್, ಹಲ್ಲಿನ ಕ್ಲಿನಿಕ್, ಆಡಿಟರ್ ಕಚೇರಿ, ಟ್ಯೂಷನ್ ಸೆಂಟರ್, ಬ್ಯೂಟಿ ಪಾರ್ಲರ್‌ಗಳಲ್ಲಿ ನಾಲ್ಕೈದು ಜನರಷ್ಟೇ ಇರುತ್ತಾರೆ. ಅಲ್ಲಿ ಎಚ್‌ಆರ್ ವಿಭಾಗ ಇರುವುದಿಲ್ಲ. ಕೆಲಸಕ್ಕೆ ತೆಗೆದುಕೊಂಡವರು, ಸಂಬಳ ಕೊಡುವವರು, ರಜೆ ಕೊಡುವವರು ಎಲ್ಲವೂ ಮಾಲೀಕರೇ. ಕಿರುಕುಳ ಕೊಡುತ್ತಿರುವವರೂ ಅವರೇ ಆದರೆ ಏನು ಮಾಡುವುದು?

‘ಕೆಲಸ ಬಿಟ್ಟುಬಿಡು’ ಎನ್ನುವುದು ಸಾಮಾನ್ಯವಾಗಿ ಸಿಗುವ ಸಲಹೆ. ಇದರ ಹಿಂದೆ ಕೆಲವು ತಪ್ಪು ತಿಳಿವಳಿಕೆಗಳಿವೆ. ಅವುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ತಿಳಿವಳಿಕೆ 1: ಹತ್ತು ಜನ ಇಲ್ಲದಿದ್ದರೆ ಕಾನೂನು ಅನ್ವಯಿಸುವುದಿಲ್ಲ

ಮೊದಲು ಈ ಕಾನೂನು ಬಂದ ಬಗೆಯನ್ನು ನೆನಪಿಸಿಕೊಳ್ಳೋಣ. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಹಳ್ಳಿಮಟ್ಟದ ಕಾರ್ಯಕರ್ತೆಯಾಗಿದ್ದರು. ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸದ ಕಾರಣಕ್ಕೇ ಹೀಗೆ ದಾಳಿಗೊಳಗಾಗುವ ಹೆಣ್ಣಿಗೆ ರಕ್ಷಣೆ ಎಲ್ಲಿ ಎಂದು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟ್‌ಗೆ ಹೋದವು. 1997ರ ಆಗಸ್ಟ್‌ನಲ್ಲಿ ‘ವಿಶಾಖಾ ಮಾರ್ಗಸೂಚಿ’ ಬಂತು. ಅದರ ಆಧಾರದ ಮೇಲೆ 2013ರಲ್ಲಿ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ ರೂಪುಗೊಂಡು, ಅದೇ ವರ್ಷದ ಡಿಸೆಂಬರ್ 9ರಂದು ಜಾರಿಗೆ ಬಂತು. ಪೋಶ್ ಎಂದು ಕರೆಯುವುದು ಇದನ್ನೇ. ಅಂದರೆ ಈ ಕಾನೂನಿನ ಮೂಲ ಇರುವುದು ಒಂದು ಹಳ್ಳಿಯಲ್ಲಿ, ಕಾರ್ಪೊರೇಟ್ ಕಚೇರಿಯಲ್ಲಲ್ಲ.

ಹತ್ತು ಎಂಬ ಸಂಖ್ಯೆ ಕಾನೂನಿನಲ್ಲಿ ಇರುವುದು ನಿಜ. ಆದರೆ ಅದು ಹೇಳುವುದು ಬೇರೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಮಾಲೀಕರು ‘ಆಂತರಿಕ ಸಮಿತಿ’ ರಚಿಸಲೇಬೇಕು. ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ ವಿಧಿಸಬಹುದು. ಲೆಕ್ಕಕ್ಕೆ ಬರುವುದು ಗಂಡಸರೂ ಹೆಂಗಸರೂ ಸೇರಿ ಹತ್ತು ಜನ, ಹತ್ತು ಮಹಿಳೆಯರಲ್ಲ. ಹತ್ತಕ್ಕಿಂತ ಕಡಿಮೆ ಜನರಿದ್ದರೆ ದೂರು ಜಿಲ್ಲಾ ಮಟ್ಟದ ‘ಸ್ಥಳೀಯ ಸಮಿತಿ’ಗೆ ಹೋಗುತ್ತದೆ. ಆರೋಪ ಮಾಲೀಕರ ಮೇಲೆಯೇ ಇದ್ದರೆ, ಅಲ್ಲಿ ನೂರು ಜನ ಕೆಲಸ ಮಾಡುತ್ತಿದ್ದರೂ ದೂರನ್ನು ಸ್ಥಳೀಯ ಸಮಿತಿಗೇ ಕೊಡಬಹುದು.

ಈ ಸಮಿತಿಗೆ ಸಮಾಜಸೇವೆಯಲ್ಲಿ ಹೆಸರು ಮಾಡಿದ ಮಹಿಳೆಯೊಬ್ಬರು ಅಧ್ಯಕ್ಷರಾಗಿರುತ್ತಾರೆ. ತಾಲ್ಲೂಕು ಅಥವಾ ನಗರ ಮಟ್ಟದಲ್ಲಿ ಕೆಲಸ ಮಾಡುವ ಒಬ್ಬ ಮಹಿಳೆ, ಸ್ವಯಂಸೇವಾ ಸಂಸ್ಥೆಗಳ ಇಬ್ಬರು ಮತ್ತು ಸಮಾಜ ಕಲ್ಯಾಣ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಅಧಿಕಾರಿ ಅದರಲ್ಲಿರುತ್ತಾರೆ.

ತಪ್ಪು ತಿಳಿವಳಿಕೆ 2: ಮೈ ಮುಟ್ಟಿದರೆ ಮಾತ್ರ ಕಿರುಕುಳ, ಉಳಿದದ್ದು ತಮಾಷೆ

ಕಾಯ್ದೆ ಐದು ಬಗೆಯ ವರ್ತನೆಗಳನ್ನು ಹೆಸರಿಸುತ್ತದೆ: ದೈಹಿಕ ಸ್ಪರ್ಶ ಅಥವಾ ಅದಕ್ಕೆ ಯತ್ನ, ಲೈಂಗಿಕ ಬೇಡಿಕೆ, ಲೈಂಗಿಕ ಅರ್ಥದ ಮಾತು, ಅಶ್ಲೀಲ ಚಿತ್ರ ಅಥವಾ ವಿಡಿಯೊ ತೋರಿಸುವುದು ಮತ್ತು ಇಂಥದ್ದೇ ಬೇರೆ ಯಾವುದೇ ಮಾತು, ಸನ್ನೆ, ನಡವಳಿಕೆ. ಎಲ್ಲದಕ್ಕೂ ಸಮಾನವಾದ ಒಂದು ಪದವಿದೆ: ಅದು ಆ ಮಹಿಳೆಗೆ ‘ಬೇಡದ್ದು’ ಆಗಿರಬೇಕು. ಹೇಳಿದವರ ಉದ್ದೇಶಕ್ಕಿಂತ ಕೇಳಿದವರ ಅನುಭವಕ್ಕೆ ಇಲ್ಲಿ ಹೆಚ್ಚು ತೂಕ. ‘ನಾನು ಸುಮ್ಮನೆ ತಮಾಷೆಗೆ ಅಂದೆ’ ಎಂದರೆ ಮುಗಿಯುವುದಿಲ್ಲ.

‘ಅವಳೂ ನಕ್ಕಳಲ್ಲ’ ಎಂಬ ವಾದವೂ ಇದೆ. ಸಂಬಳ ಕೊಡುವವರ ಎದುರು ಮುಜುಗರವಾದಾಗ ನಗುವುದು ಅನೇಕರ ಪ್ರತಿಕ್ರಿಯೆ. ಮೌನ ಮತ್ತು ನಗು ಒಪ್ಪಿಗೆಯಲ್ಲ. ‘ಹೇಳಿದಂತೆ ಕೇಳಿದರೆ ಸಂಬಳ ಹೆಚ್ಚಿಸುತ್ತೇನೆ’, ‘ಇಲ್ಲದಿದ್ದರೆ ನಾಳೆಯಿಂದ ಬರಬೇಡ’ ಎಂಬಂಥ ಆಸೆ, ಬೆದರಿಕೆಗಳನ್ನು ನೇರವಾಗಿ ಹೇಳಿದರೂ ಸೂಚ್ಯವಾಗಿ ಹೇಳಿದರೂ ಕಾಯ್ದೆ ಪರಿಗಣಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಬರುವ ವಾಟ್ಸ್‌ಆಪ್ ಸಂದೇಶವೂ ದೂರಿನ ವಿಷಯವಾಗಬಹುದು.

ತಪ್ಪು ತಿಳಿವಳಿಕೆ 3: ಟ್ರೈನಿಗಳಿಗೆ, ದಿನಗೂಲಿಯವರಿಗೆ ಇದು ಸಲ್ಲದು

ನೇಮಕಾತಿ ಪತ್ರ ಇಲ್ಲ, ಸಂಬಳ ಕೈಗೇ ಕೊಡುತ್ತಾರೆ, ಇನ್ನೂ ತರಬೇತಿಯಲ್ಲಿದ್ದೇನೆ ಎಂಬ ಕಾರಣಕ್ಕೆ ಹಿಂಜರಿಯಬೇಕಿಲ್ಲ. ಕಾಯಂ, ತಾತ್ಕಾಲಿಕ, ದಿನಗೂಲಿ, ಗುತ್ತಿಗೆದಾರರ ಮೂಲಕ ಬಂದವರು, ಅಪ್ರೆಂಟಿಸ್, ಸಂಬಳವಿಲ್ಲದ ಸ್ವಯಂಸೇವಕರು ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. ಮನೆಗೆಲಸದವರಿಗೆ ಅವರು ದುಡಿಯುವ ಮನೆಯೇ ಕೆಲಸದ ಸ್ಥಳ. ಕೆಲಸದ ಮೇಲೆ ಹೋದ ಊರು, ಮಾಲೀಕರು ಒದಗಿಸಿದ ವಾಹನ ಕೂಡ ಕೆಲಸದ ಸ್ಥಳವೇ. ಕಿರುಕುಳ ಕೊಟ್ಟವರು ಅಂಗಡಿಗೆ ಬಂದ ಗಿರಾಕಿಯಾಗಿದ್ದರೆ, ಆಕೆ ಬಯಸಿದಲ್ಲಿ ಕಾನೂನು ಕ್ರಮಕ್ಕೆ ನೆರವಾಗುವುದು ಮಾಲೀಕರ ಕರ್ತವ್ಯ.

ತಪ್ಪು ತಿಳಿವಳಿಕೆ 4: ಸಾಬೀತಾಗದಿದ್ದರೆ ದೂರು ಕೊಟ್ಟವಳಿಗೇ ಶಿಕ್ಷೆ

ಇದು ಹೆಚ್ಚು ಹೆದರಿಸುವ ಮಾತು. ಸುಳ್ಳೆಂದು ಗೊತ್ತಿದ್ದೂ ಕೆಡುಕಿನ ಉದ್ದೇಶದಿಂದ ದೂರು ಕೊಟ್ಟಿದ್ದರೆ ಕ್ರಮಕ್ಕೆ ಅವಕಾಶವಿದೆ. ಆದರೆ ಸಾಕ್ಷ್ಯ ಸಾಲದೆ ದೂರು ಸಾಬೀತಾಗದಿದ್ದರೆ, ಅಷ್ಟರಿಂದಲೇ ಕ್ರಮ ಕೈಗೊಳ್ಳುವಂತಿಲ್ಲ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಕೆಡುಕಿನ ಉದ್ದೇಶ ಇತ್ತು ಎಂಬುದನ್ನೂ ವಿಚಾರಣೆ ನಡೆಸಿಯೇ ತೀರ್ಮಾನಿಸಬೇಕು.

ದೂರು ಕೊಡುವುದು ಹೇಗೆ?

ಮೊದಲು ಗಮನಿಸಬೇಕಾದದ್ದು ಕಾಲಮಿತಿ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಪದೇ ಪದೇ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಕೆ. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಬರೆಯಲು ಬಾರದವರಿಗೆ ಸಮಿತಿಯವರೇ ನೆರವಾಗಬೇಕು.

ಆದ್ದರಿಂದ ದೂರು ಕೊಡುವ ನಿರ್ಧಾರ ಇನ್ನೂ ಆಗಿರದಿದ್ದರೂ ಬರೆದಿಟ್ಟುಕೊಳ್ಳಲು ಇಂದೇ ಶುರು ಮಾಡಿ. ‘ಸರ್ ಕೆಟ್ಟದಾಗಿ ನಡೆದುಕೊಂಡರು’ ಎಂಬ ವಾಕ್ಯ ಸಾಲದು. ದಿನಾಂಕ, ಸಮಯ, ಜಾಗ, ಆಡಿದ ಮಾತು ಯಥಾವತ್ತಾಗಿ, ನೀವು ಏನು ಹೇಳಿದಿರಿ, ಹತ್ತಿರದಲ್ಲಿ ಯಾರಿದ್ದರು, ಅಂದೇ ಯಾರ ಬಳಿ ಹೇಳಿಕೊಂಡಿರಿ, ಇಷ್ಟೂ ಇರಲಿ. ಸಂದೇಶಗಳನ್ನು ಅಸಹ್ಯವಾಗಿ ಅಳಿಸಿಬಿಡಬೇಕು ಅನ್ನಿಸುತ್ತದೆ, ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು ಆಫೀಸಿನ ಫೋನಿನಲ್ಲಲ್ಲದೆ ಬೇರೆ ಕಡೆ ಇಟ್ಟುಕೊಳ್ಳಿ.

ದೂರಿನ ಆರು ಪ್ರತಿ, ಜೊತೆಗೆ ದಾಖಲೆಗಳು ಮತ್ತು ಸಾಕ್ಷಿಗಳ ಹೆಸರು ಬೇಕಾಗುತ್ತವೆ. ಸ್ಥಳೀಯ ಸಮಿತಿ ಎಲ್ಲಿದೆ ಎಂದು ಜಿಲ್ಲಾಧಿಕಾರಿ ಕಚೇರಿ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ತಾಲ್ಲೂಕು ಮತ್ತು ನಗರಸಭೆ ಮಟ್ಟದಲ್ಲಿ ನೋಡಲ್ ಅಧಿಕಾರಿ ಇರಬೇಕು. ಅವರಿಗೆ ಕೊಟ್ಟ ದೂರನ್ನು ಏಳು ದಿನಗಳಲ್ಲಿ ಸಮಿತಿಗೆ ಕಳಿಸಬೇಕು. ಕೇಂದ್ರ ಸರ್ಕಾರದ ‘ಶಿ-ಬಾಕ್ಸ್’ ಜಾಲತಾಣದಲ್ಲೂ ದೂರು ದಾಖಲಿಸಬಹುದು. ದೂರು ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಲು ಮರೆಯಬೇಡಿ.

ಸಮಿತಿ ವಿಚಾರಣೆಯನ್ನು 90 ದಿನಗಳಲ್ಲಿ ಮುಗಿಸಬೇಕು, ಮುಂದಿನ 10 ದಿನಗಳಲ್ಲಿ ವರದಿ ಕೊಡಬೇಕು. ವರದಿ ತಲುಪಿದ 60 ದಿನಗಳಲ್ಲಿ ಕ್ರಮ ಜರುಗಬೇಕು. ವಿಚಾರಣೆಯ ನಡುವೆ ನೀವು ಕೇಳಿಕೊಂಡರೆ ಮೂರು ತಿಂಗಳವರೆಗೆ ಹೆಚ್ಚುವರಿ ರಜೆಗೆ ಸಮಿತಿ ಶಿಫಾರಸು ಮಾಡಬಹುದು. ನೀವು ಬಯಸಿದರೆ ಮಾತ್ರ ರಾಜಿಗೆ ಅವಕಾಶ. ಹಣ ಕೊಟ್ಟು ರಾಜಿ ಮಾಡಿಕೊಳ್ಳುವುದನ್ನು ಕಾಯ್ದೆ ಒಪ್ಪುವುದಿಲ್ಲ. ದೂರುದಾರರ ಹೆಸರು, ವಿಳಾಸ ಬಹಿರಂಗಪಡಿಸುವಂತಿಲ್ಲ.

ಪೊಲೀಸರ ಬಳಿ ಹೋಗುವ ದಾರಿಯೂ ತೆರೆದೇ ಇದೆ. ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಪ್ರಕಾರ ಲೈಂಗಿಕ ಕಿರುಕುಳ ಅಪರಾಧ. ತುರ್ತಿದ್ದರೆ 112, ಮಹಿಳಾ ಸಹಾಯವಾಣಿಗೆ 181. ಉಚಿತ ವಕೀಲರ ನೆರವು ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು.

ಕಾಗದದ ಮೇಲಿರುವುದೆಲ್ಲ ನಡೆಯುತ್ತದೆಯೇ?

ಇಲ್ಲ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯ ಜಾರಿಯಲ್ಲಿ ಗಂಭೀರ ಲೋಪಗಳಿವೆ ಎಂದಿತು. 2024ರ ಡಿಸೆಂಬರ್‌ನಲ್ಲಿ ಜಿಲ್ಲಾ ಅಧಿಕಾರಿಗಳನ್ನು, ಸ್ಥಳೀಯ ಸಮಿತಿಗಳನ್ನು, ನೋಡಲ್ ಅಧಿಕಾರಿಗಳನ್ನು ನೇಮಿಸಿ ಎಂದು ಮತ್ತೆ ನಿರ್ದೇಶಿಸಬೇಕಾಯಿತು. ಐದು ಜನರ ಅಂಗಡಿಯಲ್ಲಿ ಗೋಪ್ಯತೆ ಎನ್ನುವುದೂ ಕಷ್ಟ. ಯಾರು ದೂರು ಕೊಟ್ಟರು ಎಂದು ಊಹಿಸಲು ಯಾರಿಗೂ ಹೊತ್ತು ಬೇಕಿಲ್ಲ. ಆದ್ದರಿಂದಲೇ ಸಹೋದ್ಯೋಗಿಗಳ ಪಾತ್ರ ದೊಡ್ಡದು. ‘ನಾನು ಅಲ್ಲೇ ಇದ್ದೆ, ಕೇಳಿಸಿಕೊಂಡೆ’ ಎಂದು ಒಬ್ಬರು ಹೇಳಿದರೂ ಆಕೆ ಒಂಟಿಯಾಗುವುದಿಲ್ಲ.

ತಾರತಮ್ಯಕ್ಕೆ ಬೇರೆ ದಾರಿಗಳು

ಪೋಶ್ ಕಾಯ್ದೆಯಡಿ ದೂರು ಕೊಡಬಹುದಾದವರು ಮಹಿಳೆಯರು, ವಿಷಯ ಲೈಂಗಿಕ ಕಿರುಕುಳ ಮಾತ್ರ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣೆಂಬ ಕಾರಣಕ್ಕೆ ಕಡಿಮೆ ಕೂಲಿ ಕೊಡುವುದು 1976ರ ಸಮಾನ ವೇತನ ಕಾಯ್ದೆಯ ಕಾಲದಿಂದಲೂ ನಿಷಿದ್ಧ; ಅದಕ್ಕೆ ಕಾರ್ಮಿಕ ಇಲಾಖೆಗೆ ಹೋಗಬೇಕು. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರಿಗೆ ಕಾಣುವಂಥ ಜಾಗದಲ್ಲಿ ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸರಿಗೆ ದೂರು ಕೊಡಬಹುದು.

ನೀವೇ ಮಾಲೀಕರಾಗಿದ್ದರೆ

ಆರೇ ಜನರಿದ್ದರೂ ಸುರಕ್ಷಿತ ವಾತಾವರಣ ಒದಗಿಸುವ ಹೊಣೆ ನಿಮ್ಮದು. ಇದಕ್ಕೆ ಹೆಚ್ಚು ಖರ್ಚಿಲ್ಲ. ಜಿಲ್ಲೆಯ ಸ್ಥಳೀಯ ಸಮಿತಿಯ ವಿಳಾಸ, ಸಹಾಯವಾಣಿ ಸಂಖ್ಯೆ, ಕಿರುಕುಳಕ್ಕೆ ಆಗುವ ಶಿಕ್ಷೆ ಇವನ್ನು ಕನ್ನಡದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸಿ. ಹೊಸಬರು ಸೇರಿದ ದಿನವೇ ಅದನ್ನು ಓದಿ ಹೇಳಿ. ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬಳೇ ಹುಡುಗಿ ಉಳಿಯದಂತೆ ಪಾಳಿ ಹಾಕಿ. ಯಾರಾದರೂ ಬಂದು ಹೇಳಿಕೊಂಡರೆ ‘ಹೊಂದಿಕೊಂಡು ಹೋಗಮ್ಮ’ ಎನ್ನಬೇಡಿ. ಆ ಮಾತನ್ನು ನಿಮ್ಮ ಬಳಿ ಹೇಳಲು ಆಕೆ ಎಷ್ಟೋ ದಿನ ಯೋಚಿಸಿರುತ್ತಾಳೆ.