ಹಿಮದ ಹಾದಿಯ ಸರಪಳಿ

ಕಳೆದ ಜನವರಿಯಲ್ಲಿ ಮನಾಲಿಯಿಂದ ಅಟಲ್ ಸುರಂಗದತ್ತ ಹೊರಟಿದ್ದೆವು. ಸೋಲಂಗ್ ಬಳಿ ಚಾಲಕ ಕಾರು ನಿಲ್ಲಿಸಿ ಮುಂದಿನ ಚಕ್ರಗಳಿಗೆ ಸರಪಳಿ ಬಿಗಿಯತೊಡಗಿದಾಗ, ವಿಳಂಬಕ್ಕೆ ನಾನು ಗೊಣಗಿದೆ. ತುಸು ಮುಂದೆ ಸರಪಳಿಯಿಲ್ಲದ ಕಾರೊಂದು ರಸ್ತೆಗೆ ಅಡ್ಡಲಾಗಿ ಜಾರಿ ನಿಂತಿತ್ತು. ಹಿಂದೆ ವಾಹನಗಳ ಸಾಲು, ಸಾಲಿನಲ್ಲೊಂದು ಆಂಬುಲೆನ್ಸ್.

ಎಂಜಿನ್ನಿನ ಬಲ ತಲುಪುವ ಚಕ್ರಗಳಿಗೆ ಸರಪಳಿ ಬೇಕು. ಅದರ ಕೊಂಡಿಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. 2020ರಲ್ಲಿ 9.02 ಕಿ.ಮೀ. ಉದ್ದದ ಸುರಂಗ ತೆರೆದ ಬಳಿಕ ಬಯಲುನಾಡಿನ ಚಾಲಕರೂ ಚಳಿಗಾಲದಲ್ಲಿ ಲಾಹೌಲ್ ತಲುಪಬಲ್ಲರು. ಆದರೆ ಸುರಂಗವು ಹಿಮದ ಅನುಭವವನ್ನು ಕೊಡಲಾರದು.

ಅರ್ಥಶಾಸ್ತ್ರ ಓದಿದವನಿಗೆ ಇದು ಪರಿಚಿತ ಲೆಕ್ಕ: ಉಳಿತಾಯ ಒಬ್ಬನದು, ನಷ್ಟ ಎಲ್ಲರದು. ಆದ್ದರಿಂದ ಇದನ್ನು ಚಾಲಕನ ಇಚ್ಛೆಗೆ ಬಿಡಲಾಗದು. ಹಿಮ ಬಿದ್ದ ದಿನ ಸರಪಳಿಯಿಲ್ಲದ ವಾಹನವನ್ನು ಕೆಳಗೇ ತಡೆಯಬೇಕು. ಅಲ್ಲಿಯೇ ಸರಪಳಿ ಬಾಡಿಗೆಗೆ ದೊರೆಯಬೇಕು.

ಅಂದು ನಾನು ಚಾಲಕನ ಕ್ಷಮೆ ಕೋರಿದೆ.